ಅತ್ತೆ ಕುಸ್ತಿಯಲ್ಲಿದ್ದರು

ಬೀದಿಯವರೆಲ್ಲ ಅವನನ್ನು ಅರೆಗಣ್ಣ ಎಂದು ಕರೆಯುತ್ತಿದ್ದರು. ಹಾಗೆಂದು ಅವನ ಕಣ್ಣಿನಲ್ಲಿ ದೋಷವೇನೂ ಇರಲಿಲ್ಲ. ಎರಡೂ ಕಣ್ಣು ಸರಿಯಾಗಿಯೇ ಕಾಣುತ್ತಿದ್ದವು. ಆದರೆ ಎರಡೂ ಒಟ್ಟಿಗೆ ಪೂರ್ತಿ ತೆರೆದದ್ದನ್ನು ಕಂಡವರು ಕಡಿಮೆ. ಅದಕ್ಕೆ ಅವನ ಉದ್ಯೋಗವೂ ಸ್ವಲ್ಪ ಕಾರಣ. ದೊಡ್ಡ ರಸ್ತೆಯ ಮೂಲೆಯ ಹಾಸಿಗೆ ಅಂಗಡಿಯಲ್ಲಿ ಅವನು ಮಾರಾಟಗಾರ. ಹಾಸಿಗೆಯ ಗುಣವನ್ನು ಬಾಯಲ್ಲಿ ಹೇಳುವುದಕ್ಕಿಂತ ಅದರ ಮೇಲೆ ಮಲಗಿ ತೋರಿಸುವುದರಲ್ಲಿ ಅವನದು ಎತ್ತಿದ ಕೈ. "ನೋಡಿ ಸಾರ್, ಬೆನ್ನಿಗೆ ಹೇಗೆ ಒತ್ತಾಸೆ ಕೊಡುತ್ತೆ ಅಂತಂದ್ರೆ..." ಎಂದು ಶುರು ಮಾಡಿದ ಮಾತನ್ನು ಅವನು ಮುಗಿಸಿದ ದಾಖಲೆ ಇಲ್ಲ. ಗಿರಾಕಿಗಳು ಸ್ವಲ್ಪ ಹೊತ್ತು ಕಾದು, ಅವನ ಎದೆ ಮೆಲ್ಲಗೆ ಏರಿಳಿಯುವುದನ್ನು ನೋಡಿ, ತುಟಿಯ ಮೇಲಿನ ಮಗುವಿನಂಥ ನಗುವನ್ನು ನೋಡಿ, ಮಾಲೀಕರ ಕಡೆ ತಿರುಗಿ "ಇದನ್ನೇ ಕೊಡಿ" ಎನ್ನುತ್ತಿದ್ದರು. ಮಾಲೀಕರು ತುಟಿಗೆ ಬೆರಳಿಟ್ಟು, "ಸ್ವಲ್ಪ ಮೆಲ್ಲಗೆ. ಅವನು ಕೆಲಸದಲ್ಲಿದ್ದಾನೆ" ಎನ್ನುತ್ತಿದ್ದರು.

ಹೀಗೆ ಹಗಲನ್ನೆಲ್ಲ ಎಚ್ಚರಕ್ಕೂ ನಿದ್ದೆಗೂ ನಡುವಿನ ಹೊಸ್ತಿಲ ಮೇಲೆ ಕಳೆಯುವ ಮನುಷ್ಯನಿಗೆ ಒಂದು ತಾಪತ್ರಯ. ಯಾವುದನ್ನು ಕಣ್ಣಾರೆ ಕಂಡೆ, ಯಾವುದನ್ನು ಕನಸಿನಲ್ಲಿ ಕಂಡೆ ಎಂಬುದು ಗೋಜಲಾಗುತ್ತದೆ. ಒಮ್ಮೆ ಪಕ್ಕದ ಮನೆಯ ಅಂಚೆಯಣ್ಣನಿಗೆ ಬಡ್ತಿ ಸಿಕ್ಕಿತೆಂದು ಬಾಗಿಲಿಗೆ ಹೋಗಿ ಕೈಕುಲುಕಿ ಅಭಿನಂದಿಸಿ ಬಂದ. ಬಡ್ತಿ ಸಿಕ್ಕಿರಲಿಲ್ಲ. ಆ ದಿನವೆಲ್ಲ ಆನಂದದಲ್ಲಿ ತೇಲಿದ ಅಂಚೆಯಣ್ಣ ಮರುದಿನದಿಂದ ಇವನ ಮುಖ ನೋಡುವುದನ್ನೇ ಬಿಟ್ಟ.

ಅರೆಗಣ್ಣನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಡಾಕ್ಟರುಗಳ ಕೈಬರಹ ಓದಿ ಓದಿ ಪಳಗಿದ್ದ ಆಕೆ ಎಂಥ ಗೀಚನ್ನೂ ಬಿಡಿಸಿ ಹೇಳಬಲ್ಲಳು. ಗಂಡನ ಮಾತೊಂದು ಮಾತ್ರ ಆಕೆಗೂ ಬಿಡಿಸಲು ಬಾರದು. ಮನೆಯ ಮೂರನೆಯವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಹುಡುಗಿಯರ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಅವರು ಬೀದಿಗೆಲ್ಲ ದೊಡ್ಡ ಮೇಡಂ. ಎತ್ತರದಲ್ಲಿ ಬಾಗಿಲ ಚಿಲಕಕ್ಕಿಂತ ತುಸುವೇ ಮೇಲೆ. ಆದರೆ ಅವರು ತೋರುಬೆರಳು ಎತ್ತಿದರೆ ಬೀದಿನಾಯಿಯೂ ಕೂತುಬಿಡುತ್ತಿತ್ತು. ಅವರು ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ. ಅರೆಗಣ್ಣ ಒಮ್ಮೆ ಬೇಡದ ಫೋನು ಬಂದಾಗ, "ಇಲ್ಲ ಅಂತ ಹೇಳಿಬಿಡಿ ಅತ್ತೆ" ಎಂದು ಸನ್ನೆ ಮಾಡಿದ್ದಕ್ಕೆ, ಅವರು ಫೋನಿನಲ್ಲಿ ಸ್ಪಷ್ಟವಾಗಿ, "ಇದ್ದಾರೆ. ಎದುರಿಗೇ ಕೂತಿದ್ದಾರೆ. ಇಲ್ಲ ಅಂತ ಹೇಳಿ ಅಂತಿದ್ದಾರೆ" ಎಂದಿದ್ದರು.

ಭಾನುವಾರ ಮಧ್ಯಾಹ್ನ ಹೆಂಡತಿ ಔಷಧಿ ಅಂಗಡಿಗೆ ಹೋದ ಮೇಲೆ, ಅತ್ತೆ ಒಳಕೋಣೆಯಲ್ಲಿ ಕನ್ನಡಕ ತೆಗೆದಿಟ್ಟು ಅಡ್ಡಾದ ಮೇಲೆ, ಅರೆಗಣ್ಣ ಟೀವಿಯ ಮುಂದೆ ಕಾಲು ಚಾಚಿ ಕೂರುತ್ತಿದ್ದ. ಆ ಹೊತ್ತಿಗೆ ಯಾವುದೋ ಚಾನೆಲ್ಲಿನಲ್ಲಿ ಎಷ್ಟೋ ವರ್ಷ ಹಿಂದಿನ ಕುಸ್ತಿ ಕಾರ್ಯಕ್ರಮವನ್ನು ಮತ್ತೆ ತೋರಿಸುತ್ತಿದ್ದರು. ಮಣ್ಣಿನ ಅಖಾಡದ ಕುಸ್ತಿಯಲ್ಲ ಅದು. ಸುತ್ತ ಹಗ್ಗ ಕಟ್ಟಿದ ಎತ್ತರದ ಕಟ್ಟೆಯ ಮೇಲೆ, ಬಣ್ಣಬಣ್ಣದ ಚಡ್ಡಿ ತೊಟ್ಟವರು ನಡೆಸುವ ಕುಸ್ತಿ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡಿರುತ್ತಾರೆಂದು ಎಲ್ಲರಿಗೂ ಗೊತ್ತಿದ್ದೂ, ಎಲ್ಲರೂ ಗಂಟಲು ಹರಿಯುವಂತೆ ಕೂಗುವ ಕುಸ್ತಿ.

ಅತ್ತೆಯ ಬಾಯಲ್ಲಿ ಅದಕ್ಕೆ "ಬಟ್ಟೆ ಇಲ್ಲದವರ ಜಗಳ" ಎಂದು ಹೆಸರು. ಆದ್ದರಿಂದ ಅರೆಗಣ್ಣ ಸದ್ದನ್ನು ಪೂರ್ತಿ ಆರಿಸಿಟ್ಟು ನೋಡುತ್ತಿದ್ದ. ಸದ್ದಿಲ್ಲದ ಕುಸ್ತಿಯ ಸೊಗಸೇ ಬೇರೆ. ಕಿಟಕಿಯ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಬಿಸಿಲು ನೆಲದ ಮೇಲೆ ಹಾಲಿನಂತೆ ಹರಡಿ ಮೆಲ್ಲಗೆ ಗೋಡೆ ಹತ್ತುತ್ತಿತ್ತು. ಪೆಟ್ಟಿಗೆಯೊಳಗೆ, ಬಣ್ಣ ಮಾಸಿ ನಸುನೀಲಿಗೆ ತಿರುಗಿದ ಆ ಲೋಕದಲ್ಲಿ, ಗುಡ್ಡದಂಥ ಗಂಡಸರು ಒಬ್ಬರನ್ನೊಬ್ಬರು ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡು, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಮೆಲ್ಲಗೆ ಕೆಳಗಿಡುತ್ತಿದ್ದರು. ಬಿದ್ದವರ ಬಾಯಿ ಅಗಲವಾಗಿ ತೆರೆಯುತ್ತಿತ್ತು. ದನಿ ಇಲ್ಲ. ಸಾವಿರ ಜನ ಕೂಗುತ್ತಿದ್ದರು. ದನಿ ಇಲ್ಲ. ಒಳಕೋಣೆಯಿಂದ ಅತ್ತೆಯ ಶಿಸ್ತಾದ ಗೊರಕೆಯೊಂದು ಮಾತ್ರ ತಾಳ ಹಾಕುತ್ತಿತ್ತು.

ಆ ಭಾನುವಾರ 'ಬೆಟ್ಟದ ಕರಡಿ'ಗೂ 'ಡಾಕ್ಟರ್ ನೋವು' ಎಂಬವನಿಗೂ ಪಂದ್ಯ. ಡಾಕ್ಟರ್ ನೋವು ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡು ಬಂದು, ಹೊಡೆಯುವ ಮುಂಚೆ ಎದುರಾಳಿಯ ನಾಡಿ ಹಿಡಿದು ನೋಡುವ ದುಷ್ಟ. ರೆಫರಿ ಅತ್ತ ತಿರುಗಿದಾಗಲೆಲ್ಲ, ಬಿದ್ದಿದ್ದ ಕರಡಿಯ ಕೈಬೆರಳುಗಳನ್ನು ಬೂಟುಗಾಲಲ್ಲಿ ಮೆಟ್ಟುತ್ತಿದ್ದ. ರೆಫರಿ ಇತ್ತ ತಿರುಗಿದೊಡನೆ ಎರಡೂ ಕೈ ಎತ್ತಿ ಹಸುಳೆಯ ಮುಖ ಮಾಡುತ್ತಿದ್ದ. ಅರೆಗಣ್ಣನ ರೆಪ್ಪೆಗಳು ಭಾರವಾಗಿ, ಒಂದಕ್ಕೊಂದು ತಾಕಿ, ಮತ್ತೆ ಬಿಟ್ಟುಕೊಂಡವು. ಆಗಲೇ ಕರಡಿ ಕೊಸರಿಕೊಂಡೆದ್ದು ಡಾಕ್ಟರನ್ನು ಹಗ್ಗದಾಚೆಗೆ ಎಸೆಯಿತು. ಆತ ಹೋಗಿ ಪ್ರೇಕ್ಷಕರ ಮೊದಲ ಸಾಲಿನ ಕಾಲ ಬುಡದಲ್ಲಿ ಬಿದ್ದ. ಅಲ್ಲಿ ಕುರ್ಚಿಯ ಮೇಲೆ ನಿಂತಿದ್ದ ಹೆಂಗಸೊಬ್ಬಳು ಮಡಚಿದ ಕೊಡೆ ಎತ್ತಿ ಅವನ ಬೆನ್ನಿಗೆ ಬಾರಿಸತೊಡಗಿದಳು. ಹೊಡೆದು, ನಕ್ಕು, ಕೂಗಿ, ಮತ್ತೆ ಹೊಡೆದಳು. ಆಮೇಲೆ ತೋರುಬೆರಳು ಎತ್ತಿ ಅವನಿಗೆ ಏನೋ ಹೇಳಿದಳು.

ಆ ಬೆರಳು ಅರೆಗಣ್ಣನಿಗೆ ಗೊತ್ತು. ಆ ಗಲ್ಲ ಗೊತ್ತು. ಹರೆಯದ ಅತ್ತೆ!

ಅವನು ದಡಬಡಿಸಿ ನೆಟ್ಟಗೆ ಕೂತಾಗ ಟೀವಿಯಲ್ಲಿ ಸಾಬೂನಿನ ಜಾಹೀರಾತು ನೊರೆಯಾಡುತ್ತಿತ್ತು. ಒಳಗೆ ಗೊರಕೆ ಅದೇ ತಾಳದಲ್ಲಿ ನಡೆದಿತ್ತು.

ಮರುದಿನ ಬೆಳಿಗ್ಗೆ ಅವನು ಗಡ್ಡ ಮಾಡಿಸಲು ಕಟಿಂಗ್ ಶಾಪಿಗೆ ಹೋದ. ಈ ಕಥೆಯಲ್ಲಿ ತಪ್ಪೇನಾದರೂ ನಡೆದಿದ್ದರೆ ಅದು ಅಲ್ಲಿ, ಅವನ ಮೇಲ್ತುಟಿಯ ಹತ್ತಿರ ನಡೆಯಿತು. ಬೇಕರಿಯವನೂ ಸೈಕಲ್ ಶಾಪಿನವನೂ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದರು. ಅರೆಗಣ್ಣ ಕನ್ನಡಿಯಲ್ಲಿ ಅವರನ್ನು ನೋಡುತ್ತ ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ.

"ನಂಬ್ತೀರೋ ಬಿಡ್ತೀರೋ, ನಮ್ಮತ್ತೆ ನಿನ್ನೆ ಟೀವಿ ಕುಸ್ತೀಲಿದ್ರು ಕಣ್ರೀ! ಆ ಡಾಕ್ಟರ್ ನೋವು ಇದಾನಲ್ಲ, ಅವನಿಗೆ ಕೊಟ್ರು ನೋಡಿ ಬೆನ್ನಿಗೆ..."

ಅಷ್ಟರಲ್ಲಿ ಕತ್ತಿ ಮೇಲ್ತುಟಿಗೆ ಬಂತು. ಕತ್ತಿ ತುಟಿಯ ಮೇಲಿರುವಾಗ ಮಾತಾಡುವಷ್ಟು ಧೈರ್ಯ ಅರೆಗಣ್ಣನಿಗಿರಲಿಲ್ಲ. 'ಪ್ರೇಕ್ಷಕರ ಸಾಲಿನಿಂದ, ಕೊಡೆಯಿಂದ, ಅಥವಾ ಅವರನ್ನೇ ಹೋಲುವ ಯಾರೋ' ಎಂಬ ಉಳಿದ ಭಾಗ ಬಾಯೊಳಗೇ ಉಳಿಯಿತು. ಕತ್ತಿ ಹೋದ ಮೇಲೆ ಬಿಸಿನೀರಿನ ಬಟ್ಟೆ ಬಂತು. ಬಿಸಿಬಟ್ಟೆ ಮುಖದ ಮೇಲೆ ಬಿದ್ದರೆ ಅರೆಗಣ್ಣ ಏನು ಮಾಡುತ್ತಾನೆಂದು ಬೇರೆ ಹೇಳಬೇಕಾಗಿಲ್ಲ.

ಅವನಿಗೆ ಎಚ್ಚರವಾದಾಗ ಬೆಂಚು ಖಾಲಿ. ಕಟಿಂಗ್ ಶಾಪಿನವನು ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ, "ಮೇಡಂ ಮಂಡಿ ಎಲ್ಲಾ ಹೇಗಿದೆ ಸಾರ್? ಅಷ್ಟೆಲ್ಲಾ ಹಾರಿದ ಕಾಲು..." ಎಂದು ಗೌರವದಿಂದ ಕೇಳಿದ. ಅರೆಗಣ್ಣ ಇನ್ನೂ ಅರ್ಧ ನಿದ್ದೆಯಲ್ಲೇ, "ಚಳೀಲಿ ಸ್ವಲ್ಪ ಹಿಡ್ಕೊಳ್ಳುತ್ತೆ" ಎಂದು ಉತ್ತರಿಸಿ ಕೆಲಸಕ್ಕೆ ಹೋದ.

ಸುದ್ದಿಗೆ ಬೇಕರಿಯಲ್ಲಿ ಕೈಕಾಲು ಮೂಡಿತು, ಸೈಕಲ್ ಶಾಪಿನಲ್ಲಿ ರೆಕ್ಕೆ ಬಂತು. ಬೇಕರಿಯವನ ಪ್ರಕಾರ ದೊಡ್ಡ ಮೇಡಂ ಹರೆಯದಲ್ಲಿ ಮುಖವಾಡ ತೊಟ್ಟು 'ಕರಿಮಿಂಚು' ಎಂಬ ಹೆಸರಲ್ಲಿ ಕುಸ್ತಿಯಾಡುತ್ತಿದ್ದರು. ಸೈಕಲ್ ಶಾಪಿನವನು ಅದಕ್ಕೆ, "ಮೇಡಂ ನಮ್ಮ ಅಂಗಡಿ ಮುಂದೆ ಹೋಗ್ವಾಗ ಒಂದ್ಸಲ ಅಡ್ಡ ಇದ್ದ ಚಕ್ರಾನ ಕಾಲಲ್ಲಿ ಸರಿಸಿದ್ರು. ಆವತ್ತಿಂದ ಅದು ಸೊಟ್ಟ" ಎಂಬ ಸಾಕ್ಷ್ಯವನ್ನೂ ಸೇರಿಸಿದ. ಅಂಚೆಯಣ್ಣ ಮಾತ್ರ, "ಹೇಳಿದ್ದು ಯಾರು? ಅರೆಗಣ್ಣನಾ? ನನಗೂ ಬಡ್ತಿ ಕೊಡಿಸಿದ್ದ ಮಹಾನುಭಾವ" ಎಂದು ಮೂಗು ಮುರಿದ. ಅವನ ಮಾತನ್ನು ಹೊಟ್ಟೆಕಿಚ್ಚಿನ ಲೆಕ್ಕಕ್ಕೆ ಹಾಕಿದರು.

ಅಂದಿನಿಂದ ದೊಡ್ಡ ಮೇಡಂ ಬೀದಿಗಿಳಿದರೆ ಬೀದಿಯ ನಡಿಗೆಯೇ ಬದಲಾಯಿತು. ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದ ಪಡ್ಡೆಗಳು ಕೆಳಗಿಳಿದು ಸಾಲಾಗಿ ನಿಂತರು. ಗೇಟಿಗೆ ಅಡ್ಡಲಾಗಿ ನಿಲ್ಲುತ್ತಿದ್ದ ಸ್ಕೂಟರುಗಳು ಹೇಳದೆ ಕೇಳದೆ ಜಾಗ ಖಾಲಿ ಮಾಡಿದವು. ಬೇಕರಿಯವನು ಅವರಿಗೆಂದು ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಮೇಡಂ ಮನೆಗೆ ಬಂದು ಚೀಲ ಇಳಿಸಿ, ಎಂದೂ ಇಲ್ಲದ ಸಂತೋಷದಿಂದ ಹೇಳಿದರು:

"ನೋಡಿದ್ರಾ ಅಳಿಯಂದ್ರೆ, ಜನಕ್ಕೆ ಶಿಸ್ತು ಬಂತು. ಇಷ್ಟು ವರ್ಷ ಹೇಳಿ ಹೇಳಿ ಗಂಟಲು ನೋಯಿಸ್ಕೊಂಡಿದ್ದು ಈಗ ಕೈಗೂಡಿತು. ಸ್ವಲ್ಪ ತಡ ಆಯ್ತು, ಅಷ್ಟೇ."

ಇಷ್ಟು ಸಂತೋಷವಾಗಿರುವವರ ಮುಂದೆ ನಿಜ ಹೇಳಲು ಅರೆಗಣ್ಣನಿಗೆ ಬಾಯಿ ಬರಲಿಲ್ಲ. ಆದರೆ ಔಷಧಿ ಅಂಗಡಿಗೂ ಸುದ್ದಿ ಮುಟ್ಟಿತ್ತು. ಆ ಸಂಜೆ ಹೆಂಡತಿ ಅವನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ರೀ, ಮೂಳೆ ನೋವಿನ ಮುಲಾಮು ತಗೊಳೋಕೆ ಬಂದೋರೆಲ್ಲಾ 'ನಿಮ್ಮಮ್ಮ ಯಾವುದು ಹಚ್ತಿದ್ರು' ಅಂತ ಕೇಳ್ತಿದ್ದಾರೆ. ಏನ್ ಹೇಳಿದೀರಿ ಊರಿಗೆಲ್ಲಾ?"

"ನಾನು ಹೇಳಿದ್ದು ಅರ್ಧಾನೇ ಕಣೇ. ಉಳಿದರ್ಧ ಕತ್ತಿ ಕೆಳಗೆ ಸಿಕ್ಕೊಂಡ್ತು."

"ಪೂರ್ತಿ ಹೇಳಿ ಹಾಗಾದ್ರೆ."

ಅವನು ಹೇಳಿದ. ಕುರ್ಚಿ, ಕೊಡೆ, ಬೆರಳು. ಹೆಂಡತಿ ಹಣೆ ಒತ್ತಿಕೊಂಡಳು.

"ನಮ್ಮಮ್ಮನಾ? ಕುರ್ಚಿ ಮೇಲಾ? ಸಿನಿಮಾದಲ್ಲಿ ನಗು ಬಂದ್ರೂ ಕರ್ಚೀಫು ಅಡ್ಡ ಹಿಡಿಯೋ ಹೆಂಗಸು ರೀ ಅವರು! ಆ ಹೊತ್ತಲ್ಲಿ ನೀವು ಎಚ್ಚರವಾಗಿದ್ರಾ?"

ಅರೆಗಣ್ಣ ಬಹಳ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದ. "ಒಂದು ಕಣ್ಣಂತೂ ಎಚ್ಚರ ಇತ್ತು," ಎಂದ.

ಎರಡು ದಿನ ಕಳೆದ ಮೇಲೆ ವಾರ್ಡ್ ಕಚೇರಿಯ ಅಧಿಕಾರಿ ಮನೆಗೆ ಬಂದರು. ಬೀದಿಯ ಕೊನೆಯಲ್ಲಿ ಸರ್ಕಾರ ಕಟ್ಟಿಸಿದ ವ್ಯಾಯಾಮ ಶಾಲೆಯನ್ನು ಉದ್ಘಾಟಿಸಲು ಯಾವ ದೊಡ್ಡ ಮನುಷ್ಯರೂ ಸಿಗದೆ ಕಂಗಾಲಾಗಿದ್ದ ಅವರಿಗೆ ಈ ಸುದ್ದಿ ವರವಾಗಿತ್ತು. ಚಹಾ ಬಂತು. ಅಧಿಕಾರಿ ಕುರ್ಚಿಯ ತುದಿಯಲ್ಲಿ ಕೂತರು. ಅರೆಗಣ್ಣ ಬಾಗಿಲಿಗೊರಗಿ ನಿಂತು ಬೆವರಿದ.

"ಮೇಡಂ, ನಿಮ್ಮ ಕ್ಷೇತ್ರದಲ್ಲಿ ನಿಮ್ಮ ಸಾಧನೆ ಬಗ್ಗೆ ಈಗಷ್ಟೇ ತಿಳೀತು. ಎಂಥೆಂಥವರನ್ನ ಮಣಿಸಿದೀರಂತೆ!"

"ಮಣಿಸೋದೇನು ಬಂತು? ನಾನು ಒಳಗೆ ಕಾಲಿಟ್ರೆ ಸಾಕು, ಎಲ್ಲಾ ತಣ್ಣಗಾಗಿಬಿಡ್ತಿದ್ರು," ಎಂದರು ಮೇಡಂ ಸಹಜವಾಗಿ.

"ಹಾಗಾ? ಹಾಗಿದ್ರೂ ಎದುರು ನಿಂತವರಿದ್ರೆ?"

"ಮೊದಲು ಕಿವಿ ಹಿಂಡ್ತಿದ್ದೆ. ಅದಕ್ಕೂ ಬಗ್ಗದಿದ್ರೆ ಬೆಂಚಿನ ಮೇಲೆ."

"ಎತ್ತಿ... ಬೆಂಚಿನ ಮೇಲೆ?"

"ಮತ್ತೆ? ಗಂಟೆ ಹೊಡೆಯೋ ತನಕ ಇಳಿಯೋ ಹಾಗಿಲ್ಲ."

ಅಧಿಕಾರಿ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು. "ಗಾಯಗೀಯ ಏನಾದ್ರೂ...?"

"ನನಗೇನೂ ಆಗ್ಲಿಲ್ಲ. ಅವರೆಲ್ಲಾ ಈಗಲೂ ದಾರೀಲಿ ಸಿಕ್ಕಿದ್ರೆ ನಮಸ್ಕಾರ ಮಾಡ್ತಾರೆ. ಒಬ್ಬಳು ಈಗ ಜಡ್ಜು."

ಅಧಿಕಾರಿ ಎದ್ದು ನಿಂತು ಕೈಮುಗಿದು, ಭಾನುವಾರ ಸಂಜೆ ಉದ್ಘಾಟನೆಗೆ ಬರಬೇಕೆಂದು ಬೇಡಿಕೊಂಡರು. ಶಿಕ್ಷಣ ಸೇವೆಯನ್ನು ಸರ್ಕಾರ ಕೊನೆಗೂ ಗುರುತಿಸಿತೆಂದು ಮೇಡಂ ಒಪ್ಪಿಕೊಂಡರು. ಹೊರಗೆ ಬಂದ ಅಧಿಕಾರಿ ಅರೆಗಣ್ಣನ ಭುಜ ಹಿಡಿದು, "ಒಂದೇ ಮನೇಲಿ ಹೇಗ್ರೀ ಇದೀರಾ? ಧೈರ್ಯ ಮೆಚ್ಚಬೇಕು" ಎಂದರು.

ಇಷ್ಟಕ್ಕೆ ನಿಂತಿದ್ದರೂ ಹೇಗೋ ಆಗುತ್ತಿತ್ತು. ಆದರೆ ಬೀದಿಯ ಕೇಬಲ್ಲಿನವನು ಉತ್ಸಾಹಿ. ಅವನ ಬಳಿ ಆ ಕುಸ್ತಿ ಕಾರ್ಯಕ್ರಮ ರೆಕಾರ್ಡ್ ಮಾಡಿಟ್ಟದ್ದಿತ್ತು. ಅದನ್ನು ವ್ಯಾಯಾಮ ಶಾಲೆಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವುದಾಗಿ ಅಧಿಕಾರಿಗೆ ಮಾತು ಕೊಟ್ಟು, ಎಲ್ಲರ ಟೀವಿಯ ತಳದಲ್ಲೂ ಸಾಲೊಂದನ್ನು ಓಡಿಸಿಬಿಟ್ಟ: 'ನಮ್ಮ ಬೀದಿಯ ಹೆಮ್ಮೆಯ ಕುಸ್ತಿ ತಾರೆಯ ಅಪರೂಪದ ದೃಶ್ಯ. ಭಾನುವಾರ ಸಂಜೆ. ಎಲ್ಲರಿಗೂ ಸ್ವಾಗತ.' ಟೀವಿ ನೋಡದ ಮೇಡಂ ಒಬ್ಬರನ್ನುಳಿದು ಎಲ್ಲರೂ ಅದನ್ನು ಓದಿದರು. ಓದಿದವರಲ್ಲಿ ಯಾರೋ ಪುಣ್ಯಾತ್ಮರು ಅರೆಗಣ್ಣನ ಭಾವಮೈದುನನಿಗೆ ಫೋನು ಮಾಡಿದರು.

ಭಾವಮೈದುನ ಎಂದರೆ ಹೆಂಡತಿಯ ತಮ್ಮ. ದೂರದ ದೊಡ್ಡ ಊರಿನಲ್ಲಿ ವಿಮಾ ಕಂಪನಿಯೊಂದರ ಮ್ಯಾನೇಜರು. ಅವನ ಮನೆಯಲ್ಲಿ ಎಲ್ಲವೂ ಗಾಜಿನದು. ಎಲ್ಲಿ ಕೈಯಿಟ್ಟರೂ ಗುರುತು ಬೀಳುತ್ತದೆಂದು ಅತಿಥಿಗಳು ಕೈಕಟ್ಟಿ ಕೂರುವ ಮನೆ. ಅಮ್ಮ ಅಲ್ಲಿರುವುದೇ ತನಗೆ ಗೌರವ ಎಂಬುದು ಅವನ ವಾದ. ಅಮ್ಮ ಪ್ರತಿಸಲವೂ "ನೋಡೋಣ" ಎನ್ನುತ್ತ ಮಗಳ ಮನೆಯಲ್ಲೇ ಉಳಿದಿದ್ದರು. ಭಾನುವಾರ ಮಧ್ಯಾಹ್ನ ಅವನ ಕಾರು ಬಂದು ಗೇಟಿನ ಮುಂದೆ ನಿಂತಿತು. ಅವನು ಬೂಟು ಬಿಚ್ಚದೆ ಒಳಗೆ ಬಂದ.

"ಅಮ್ಮಾ, ಪೆಟ್ಟಿಗೆ ಕಟ್ಟು. ಈ ಊರಲ್ಲಿ ನಿನ್ನನ್ನ ಕುಸ್ತಿಯವಳು ಅಂತ ಮಾಡಿಟ್ಟಿದ್ದಾರೆ! ಮಾಡಿದ್ದು ಬೇರೆ ಯಾರೂ ಅಲ್ಲ, ಈ ನಮ್ಮ ಭಾವ!"

ಭಾವಮೈದುನ ಒಂದೂ ಬಿಡದೆ ಎಲ್ಲವನ್ನೂ ಹೇಳಿದ: ಮುಖವಾಡ, ಕರಿಮಿಂಚು, ಸೊಟ್ಟ ಚಕ್ರ, ಸಂಜೆಯ ಪರದೆ. ಮೇಡಂ ಕೇಳುತ್ತ ಹೋದಂತೆ ಅವರ ಮುಖದಿಂದ ಆ ವಾರದ ಸಂತೋಷ ಒಂದೊಂದಾಗಿ ಇಳಿಯಿತು. ಬಿಸಿ ಬ್ರೆಡ್ಡು, ಸಾಲಾಗಿ ನಿಂತ ಪಡ್ಡೆಗಳು, ಸರಿದ ಸ್ಕೂಟರುಗಳು, ಎಲ್ಲ. ಅರೆಗಣ್ಣ ಅದನ್ನು ನೋಡಿದ. ಅಂದು ಅವನ ಎರಡೂ ಕಣ್ಣು ಪೂರ್ತಿ ತೆರೆದಿದ್ದವು.

"ಅಳಿಯಂದ್ರೆ, ನೀವು ನಿಜವಾಗಿ ಏನು ನೋಡಿದ್ರಿ?"

"ನಿಮ್ಮನ್ನ ನೋಡಿದೆ ಅನ್ಸುತ್ತೆ ಅತ್ತೆ. ಕುಸ್ತಿ ಮಾಡ್ತಿರಲಿಲ್ಲ. ಕುಸ್ತಿ ನೋಡೋಕೆ ಹೋಗಿದ್ರಿ. ಆದ್ರೆ ನನಗೆ ನಿದ್ದೆ ಬಂದಿತ್ತು."

"ನಾನು ಏನು ಮಾಡ್ತಿದ್ದೆ?"

"ಕುರ್ಚಿ ಮೇಲೆ ನಿಂತು ಕೂಗ್ತಿದ್ರಿ. ಜೋರಾಗಿ ನಗ್ತಿದ್ರಿ. ಕೂದಲೆಲ್ಲಾ ಕೆದರಿತ್ತು. ತುಂಬಾ ಖುಷಿಯಾಗಿದ್ರಿ ಅತ್ತೆ. ಎಬ್ಬಿಸಿ ತೋರಿಸ್ಬೇಕು ಅನ್ನಿಸ್ತು. ಅಷ್ಟರಲ್ಲಿ ಸೋಪು ಬಂದ್ಬಿಡ್ತು."

ಮೇಡಂ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತ ಕಿಟಕಿಯಾಚೆ ನೋಡಿದರು.

"ಇದೆಲ್ಲಾ ಕನಸು ಅಂತ ಎಂಥವನಿಗೂ ಗೊತ್ತಾಗುತ್ತೆ," ಎಂದ ಭಾವಮೈದುನ. "ಸಂಜೆ ಪರದೆ ಮೇಲೆ ನೀನಿಲ್ಲ ಅಂತ ಊರಿಗೆಲ್ಲಾ ಗೊತ್ತಾದ್ಮೇಲೆ ಈ ಬೀದೀಲಿ ತಲೆ ಎತ್ತೋಕಾಗುತ್ತಾ? ಕಾರ್ಯಕ್ರಮ ಬೇಡ. ಈಗ್ಲೇ ನಡಿ."

"ಬರ್ತೀನಿ ಅಂತ ಒಪ್ಪಿಕೊಂಡ ಮೇಲೆ ತಪ್ಪಿಸ್ಕೊಳ್ಳೋದು ನನಗೆ ಅಭ್ಯಾಸ ಇಲ್ಲ," ಎಂದರು ಮೇಡಂ. "ಆಮೇಲೆ ಪೆಟ್ಟಿಗೆ ನೋಡೋಣ."

ವ್ಯಾಯಾಮ ಶಾಲೆಯ ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆ. ಮೂಲೆಯಲ್ಲಿ ಗುದ್ದುವ ಚೀಲವೊಂದು ಚಾವಣಿಯಿಂದ ತೂಗುತ್ತಿತ್ತು. ಬೀದಿಗೆ ಬೀದಿಯೇ ಅಲ್ಲಿ ನೆರೆದಿತ್ತು. ಹಾಸಿಗೆ ಅಂಗಡಿಯ ಮಾಲೀಕರು ಬಂದಿದ್ದರು. ಕಟಿಂಗ್ ಶಾಪಿನವನು ಒಳ್ಳೆಯ ಅಂಗಿ ತೊಟ್ಟು ಬಂದಿದ್ದ. ಅಂಚೆಯಣ್ಣ ಎದೆಯ ಮೇಲೆ ಕೈಕಟ್ಟಿ ಮೊದಲ ಸಾಲಿನಲ್ಲಿ ಕೂತಿದ್ದ. ಕಿಟಕಿಗಳನ್ನು ಮುಚ್ಚಿದರು. ದೀಪ ಆರಿತು. ಪರದೆಯ ಮೇಲೆ ಆ ನಸುನೀಲಿ ಲೋಕ ಮೂಡಿತು.

ಮೊದಲ ಸಲ ಅರೆಗಣ್ಣ ಅದರ ಸದ್ದು ಕೇಳಿದ. ಆ ಸದ್ದು ದೂರದ ಸಮುದ್ರದಂತಿತ್ತು, ಏರಿ, ಮುರಿದು, ಮತ್ತೆ ಏರುತ್ತಿತ್ತು. ಅವನ ರೆಪ್ಪೆಗಳು ಅಭ್ಯಾಸದಂತೆ ಇಳಿಯತೊಡಗಿದವು. ಹೆಂಡತಿ ಅವನ ತೋಳು ಚಿವುಟಿದಳು. ಬಿಳಿ ಕೋಟಿನ ಡಾಕ್ಟರ್ ನೋವು ಕರಡಿಯ ಬೆರಳು ಮೆಟ್ಟಿದ. ಕರಡಿ ಎದ್ದಿತು. ಡಾಕ್ಟರು ಹಗ್ಗದಾಚೆಗೆ ಹಾರಿದ. ಕ್ಯಾಮೆರಾ ತಿರುಗಿತು.

"ಅಲ್ಲೇ, ಅಲ್ಲೇ ನಿಲ್ಸು!" ಎಂದರು ಅಧಿಕಾರಿ. ಕೇಬಲ್ಲಿನವನು ಚಿತ್ರವನ್ನು ನಿಲ್ಲಿಸಿದ.

ಕುರ್ಚಿಯ ಮೇಲೆ ಹೆಂಗಸು ನಿಂತಿದ್ದಳು. ಕೊಡೆ ಇತ್ತು. ಬೆರಳೂ ಇತ್ತು. ಆದರೆ ಆಕೆ ದೀಪದ ಕಂಬದಷ್ಟು ಉದ್ದವಿದ್ದಳು. ತಲೆಗೂದಲು ಸುರುಳಿ ಸುರುಳಿಯಾಗಿ ಗೂಡು ಕಟ್ಟಿತ್ತು. ಮೂಗು ಮಾತ್ರವೇ ನಮ್ಮ ಮೇಡಮ್ಮಿನ ಅರ್ಧ ಮುಖದಷ್ಟಿತ್ತು. ಎಂಥ ಕುರುಡನೂ ಇಬ್ಬರನ್ನು ಒಂದೆನ್ನಲಾರ.

ಕತ್ತಲಲ್ಲಿ ಯಾರೋ ಕಿಸಕ್ಕೆಂದರು. "ಇವರು ದೊಡ್ಡ ಮೇಡಂ ಆಗ್ಬೇಕಂದ್ರೆ ಮೇಡಂ ಭುಜದ ಮೇಲೆ ಇನ್ನೊಬ್ಬ ಮೇಡಂ ನಿಲ್ಲಬೇಕು!" ನಗೆ ಹಬ್ಬಿ ಸಭಾಂಗಣ ತುಂಬಿತು. ದೀಪ ಹತ್ತಿತು. ಎಲ್ಲರ ಮುಖವೂ ಅರೆಗಣ್ಣನ ಕಡೆ ತಿರುಗಿತ್ತು.

"ನಾನು ಅವತ್ತೇ ಹೇಳ್ಲಿಲ್ವಾ?" ಅಂಚೆಯಣ್ಣ ಎದ್ದುನಿಂತ. "ಈ ಮನುಷ್ಯ ನಿದ್ದೇಲಿ ಕಂಡಿದ್ದನ್ನ ಬೆಳಿಗ್ಗೆ ಹಂಚ್ತಾನೆ. ಅದೂ ಮನೆಮನೆಗೆ! ನಾನೂ ಅಷ್ಟು ಸರಿಯಾಗಿ ಹಂಚಲ್ಲ!"

"ಸ್ವಂತ ಅತ್ತೆ ಬಗ್ಗೆ ಸುಳ್ಳು ಹೇಳೋದು ಅಂದ್ರೆ..." ಎಂದ ಸೈಕಲ್ ಶಾಪಿನವನು, ತನ್ನ ಸೊಟ್ಟ ಚಕ್ರವನ್ನು ಮರೆತು.

"ಸುಳ್ಳಲ್ಲ, ಬರೀ ನಿದ್ದೆ," ಎಂದರು ಹಾಸಿಗೆ ಅಂಗಡಿಯ ಮಾಲೀಕರು. "ನಮ್ಮಲ್ಲಿ ಅದು ಅರ್ಹತೆ."

ಅಧಿಕಾರಿಯ ಮುಖ ಹುಳ್ಳಗಾಗಿತ್ತು. ಭಾವಮೈದುನ ತಾಯಿಯ ಪಕ್ಕಕ್ಕೆ ಬಂದು, "ಆಯ್ತಲ್ಲ, ನಡಿ ಅಮ್ಮಾ" ಎಂದು ಅವರ ಕೈಚೀಲ ಎತ್ತಿಕೊಂಡ. ಅರೆಗಣ್ಣ ತಲೆ ತಗ್ಗಿಸಿ ಕೂತಿದ್ದ. ಅವಮಾನಕ್ಕಿಂತ ಹೆಚ್ಚಾಗಿ ಅವನಿಗೆ ಪಿಚ್ಚೆನಿಸಿದ್ದು ಬೇರೊಂದು ಕಾರಣಕ್ಕೆ: ಅಷ್ಟು ನಗುತ್ತಿದ್ದ ಆ ಅತ್ತೆ ಎಲ್ಲೂ ಇರಲೇ ಇಲ್ಲ.

ಮೇಡಂ ಎದ್ದರು. ಕಾರಿನ ಕಡೆ ಹೋಗಲಿಲ್ಲ. ಮೆಟ್ಟಿಲು ಹತ್ತಿ ವೇದಿಕೆಯ ಮೇಲೆ, ಆ ನಿಂತ ಚಿತ್ರದ ಕೆಳಗೆ ನಿಂತರು. ಚಿತ್ರದ ಹೆಂಗಸಿನ ಮೊಣಕಾಲಿಗೆ ಇವರ ತಲೆ ಬಂತು. ತೋರುಬೆರಳು ಎತ್ತಿದರು. ನಗೆ ನಿಂತಿತು, ನಿಂತಿದ್ದವರು ಕೂತರು.

"ಅದು ನಾನೇ," ಎಂದರು.

ಅಧಿಕಾರಿ ಚಿತ್ರವನ್ನೂ ಮೇಡಮ್ಮನ್ನೂ ಒಂದೆರಡು ಸಲ ನೋಡಿದರು.

"ಮೇಡಂ, ಆದ್ರೆ... ಎತ್ತರ?"

"ಆಗ ಎತ್ತರ ಇದ್ದೆ."

"ಕೂದಲು... ಗುಂಗುರು..."

"ಮಕ್ಕಳಿಗೆ ಗಣಿತ ಹೇಳಿ ಹೇಳಿ ನೆಟ್ಟಗಾಯ್ತು."

"ಅಮ್ಮಾ!" ಎಂದ ಭಾವಮೈದುನ. "ಆ ಮೂಗು ನೋಡಮ್ಮಾ!"

"ಸಿಟ್ಟು ಬಂದಾಗ ಮೂಗು ದೊಡ್ಡದಾಗುತ್ತೆ. ಈಗ ನೋಡ್ತೀಯಾ?"

ಅವನು ನೋಡಲಿಲ್ಲ. ಮೇಡಂ ಸಭೆಯ ಮೇಲೆ ಕಣ್ಣಾಡಿಸಿ, ತರಗತಿಗೆ ಹೇಳುವಂತೆ ಬಿಡಿಸಿ ಹೇಳಿದರು: "ಕುಸ್ತಿ ನಾನು ಆಡಲಿಲ್ಲ, ಅದು ನಿಮ್ಮ ಕಟ್ಟುಕಥೆ. 'ಅತ್ತೆ ಕುಸ್ತೀಲಿದ್ರು' ಅಂದ್ರು ನಮ್ಮ ಅಳಿಯಂದಿರು. ಇದ್ದೆ. ನೋಡೋಕೆ ಹೋಗಿದ್ದೆ. ಅವರ ಕಣ್ಣು ಸರಿಯಾಗಿದೆ. ಯಾರಿಗಾದ್ರೂ ಇನ್ನೂ ಅನುಮಾನ ಇದೆಯಾ?"

ಸಭೆ ದೊಡ್ಡ ಇಕ್ಕಟ್ಟಿಗೆ ಸಿಕ್ಕಿತು. ಕಣ್ಣು ಒಂದು ಹೇಳುತ್ತಿತ್ತು. ಆದರೆ ದೊಡ್ಡ ಮೇಡಂ ಸುಳ್ಳು ಹೇಳುವುದಿಲ್ಲ ಎಂಬುದು ಸೂರ್ಯ ಮೂಡಿದಷ್ಟೇ ಖಚಿತ. ಎರಡರಲ್ಲಿ ಒಂದು ತಪ್ಪಾಗಿರಲೇಬೇಕು. ಎಲ್ಲರೂ ಮತ್ತೆ ಪರದೆಯನ್ನು ನೋಡಿದರು. ನೋಡುತ್ತ ನೋಡುತ್ತ ಆ ಕಂಬದಂಥ ಹೆಂಗಸು ಮೆಲ್ಲಗೆ ಕುಳ್ಳಗಾದಂತೆ, ಮೂಗು ಕರಗಿದಂತೆ ಕಂಡಿತು.

ಮೊದಲು ಸೋತವನು ಅಂಚೆಯಣ್ಣ. "ಗಲ್ಲ ಅದೇ," ಎಂದ ತಗ್ಗಿದ ದನಿಯಲ್ಲಿ. "ಮೇಡಂ ಹೇಳಿದ್ಮೇಲೆ ಗಲ್ಲ ಅದೇ." ಬೇಕರಿಯವನು ಚಪ್ಪಾಳೆ ತಟ್ಟಿದ. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ.

ಅಧಿಕಾರಿ ಕಣ್ಣೊರೆಸಿಕೊಂಡು ಕತ್ತರಿ ಕೊಟ್ಟರು. ಮೇಡಂ ಉದ್ಘಾಟನೆಯ ಟೇಪು ಕತ್ತರಿಸಿ, ಆ ಗುದ್ದುವ ಚೀಲದ ಹತ್ತಿರ ಹೋಗಿ, "ಇದೇನಿದು?" ಎಂದು ತೋರುಬೆರಳಿನಿಂದ ಒಂದು ಸಲ ಮುಟ್ಟಿದರು. ಚೀಲ ಕೊಕ್ಕೆಸಮೇತ ಕಿತ್ತುಕೊಂಡು ಧೊಪ್ಪೆಂದು ನೆಲಕ್ಕೆ ಬಿತ್ತು. ಸಭೆ ಹಾ ಎಂದಿತು. ಕೊಕ್ಕೆ ಹಾಕಿಸಿದ್ದ ಗುತ್ತಿಗೆದಾರನೊಬ್ಬನಿಗೆ ಮಾತ್ರ ನಿಜ ಗೊತ್ತಿತ್ತು. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಹೊರಗೆ ಭಾವಮೈದುನ ಕಾರಿನ ಬಾಗಿಲು ತೆರೆದು ನಿಂತಿದ್ದ. ಮೇಡಂ ಅವನ ಕೈಯಿಂದ ತಮ್ಮ ಚೀಲ ತೆಗೆದುಕೊಂಡರು. "ನಿನ್ನ ಮನೇಲಿ ಕೂಗಿದ್ರೆ ಗಾಜು ಒಡೆದು ಹೋಗುತ್ತಪ್ಪ," ಎಂದರು ಪ್ರೀತಿಯಿಂದಲೇ. "ನಿಧಾನವಾಗಿ ಓಡಿಸ್ಕೊಂಡು ಹೋಗು." ಕಾರು ಬಹಳ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಹೋಯಿತು.

ಮೂವರೂ ಮನೆಯ ಕಡೆ ನಡೆದರು. ಹೊತ್ತು ಮುಳುಗಿ, ಬೀದಿಯೆಲ್ಲ ಆ ಹಳೆಯ ಟೀವಿಯ ಬಣ್ಣಕ್ಕೆ, ನಸುನೀಲಿಗೆ ತಿರುಗಿತ್ತು. ಎದುರಿಗೆ ಬರುವವರು ಸದ್ದಿಲ್ಲದೆ ತೇಲಿಬಂದು, ಮೇಡಮ್ಮಿಗೆ ಬಾಗಿ ದಾರಿ ಬಿಡುತ್ತಿದ್ದರು. ಅರೆಗಣ್ಣನಿಗೆ ತಾನು ಎಚ್ಚರವಿದ್ದೇನೆಯೇ ಎಂದು ಗುಮಾನಿಯಾಯಿತು. ಹೆಂಡತಿ ಅವನ ತೋಳು ಹಿಡಿದು, ತನ್ನಷ್ಟಕ್ಕೆ ನಗುತ್ತಿದ್ದಳು.

ತಿರುವಿನಲ್ಲಿ ಮೇಡಂ ನಿಂತರು. ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು.

"ಅಳಿಯಂದ್ರೆ, ನಾಳೆಯಿಂದ ಎಲ್ಲರೂ ಕೇಳ್ತಾರೆ. ಸರಿಯಾಗಿ ತಿಳ್ಕೊಂಡಿರಬೇಕು. ನಾನು ಅವನಿಗೆ ಯಾಕೆ ಹೊಡೆದೆ?"

"ಅವನು ಮೋಸ ಮಾಡ್ತಿದ್ದ ಅತ್ತೆ. ರೆಫರಿ ಅತ್ತ ತಿರುಗಿದಾಗ, ಕೆಳಗೆ ಬಿದ್ದಿದ್ದವನ ಕೈಬೆರಳು ಮೆಟ್ತಿದ್ದ."

"ಬಿದ್ದವನದ್ದಾ?"

"ಹೂಂ. ರೆಫರಿ ಇತ್ತ ತಿರುಗಿದ ತಕ್ಷಣ ಏನೂ ಗೊತ್ತಿಲ್ದೋನ ಹಾಗೆ ಕೈ ಎತ್ಕೊಂಡು ನಿಂತ್ಬಿಡ್ತಿದ್ದ."

ಮೇಡಮ್ಮಿನ ಉಸಿರು ಬಿಸಿಯಾಯಿತು. ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ಎರಡು ಹೆಜ್ಜೆ ಬಿರಬಿರನೆ ನಡೆದು, ಮತ್ತೆ ನಿಂತರು.

"ಎಷ್ಟು ಕೊಟ್ಟೆ ಅವನಿಗೆ?"

"ಮೂರೋ ನಾಲ್ಕೋ ಅತ್ತೆ."

"ಸಾಲದು," ಎಂದರು ಅತ್ತೆ. "ಇನ್ನೂ ಎರಡು ಹಾಕಬೇಕಿತ್ತು ನಾನು."

"ಹಾಕಿದ್ರಿ ಅತ್ತೆ," ಎಂದ ಅರೆಗಣ್ಣ. "ಅಷ್ಟರಲ್ಲಿ ಕ್ಯಾಮೆರಾ ಅತ್ತ ಹೋಯ್ತು."